ಬಿಡುವುದು ಸರಿ, ಹೋಗುವುದೆಲ್ಲಿಗೆ?

ಪ್ರಶ್ನೆ: ಮೈಸೂರಿನ ಹಾಸ್ಟೆಲಿನಲ್ಲಿರುವ ಮೊಮ್ಮಗ ರಜೆಗೆ ಬಂದಾಗ ‘ಹೆವನ್ ನೋಸ್ ವಾಟ್’ ಎಂಬ ಅಮೆರಿಕದ ಸಿನಿಮಾ ತೋರಿಸಿದ. ಸೂರಿಲ್ಲದ ಹುಡುಗ ಹುಡುಗಿಯರು, ಹೆರಾಯಿನ್, ಬೈಗುಳ. ಕೊನೆಗೂ ನಾಯಕಿ ಉದ್ಧಾರವಾಗುವುದಿಲ್ಲ, ಹಳೆಯ ಗುಂಪಿಗೇ ಬಂದು ಕೂರುತ್ತಾಳೆ. ಮನಸ್ಸು ಗಟ್ಟಿ ಮಾಡಿದ್ದರೆ ಬಿಡಬಹುದಿತ್ತಲ್ಲವೇ? ಇಂಥ ಸಿನಿಮಾದಿಂದ ಯಾರಿಗೆ ಪ್ರಯೋಜನ?
— ನಿವೃತ್ತ ಶಿಕ್ಷಕ, ಮಂಡ್ಯ

ಉತ್ತರ: ಮೇಷ್ಟ್ರೇ, ತಾಯಿಯ ಕಣ್ಣೀರು ಕಂಡ ಮಗ ಒಂದೇ ಹಾಡಿನಲ್ಲಿ ಚಟ ಬಿಡುವ ಸಿನಿಮಾಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಇದು ಆ ಜಾತಿಯದಲ್ಲ. ಆ ಬದುಕನ್ನು ನ್ಯೂಯಾರ್ಕಿನ ಬೀದಿಯಲ್ಲಿ ಬದುಕಿದ ಏರಿಯಲ್ ಹೋಮ್ಸ್ ಬರೆದದ್ದನ್ನು ಆಧರಿಸಿ ಸಾಫ್ಡಿ ಸಹೋದರರು 2014ರಲ್ಲಿ ತೆಗೆದ ಚಿತ್ರವಿದು; ನಾಯಕಿಯಾಗಿ ನಟಿಸಿದ್ದೂ ಆಕೆಯೇ.

ಗಟ್ಟಿ ಮನಸ್ಸಿನ ಮಾತಿಗೆ ಬರುತ್ತೇನೆ. ಹೆರಾಯಿನ್‌ಗೆ ಒಗ್ಗಿದ ಮೈಗೆ ಅದು ತಪ್ಪಿದರೆ ಅರ್ಧ ದಿನದೊಳಗೆ ಕಣ್ಣು ಮೂಗಿನಲ್ಲಿ ನೀರು ಶುರು. ಆಮೇಲೆ ವಾಂತಿ, ಭೇದಿ, ಮೂಳೆಯೊಳಗಿನ ನೋವು. ಎರಡು ಮೂರನೆಯ ದಿನ ಉಲ್ಬಣಿಸಿ, ವಾರದ ಹೊತ್ತಿಗೆ ಇಳಿಯುತ್ತದೆ. ಹಾಸಿಗೆ, ಬಚ್ಚಲು, ಗಂಜಿ ಕೊಡುವ ಕೈ ಇದ್ದವರಿಗೇ ಆ ವಾರ ಹೈರಾಣ. ಬೀದಿಯಲ್ಲಿ ಮಲಗುವವರು ಅದನ್ನು ಎಲ್ಲಿ ಕಳೆಯಬೇಕು?

ಬಸ್ಸಿನ ಪ್ರಸಂಗ ನೆನಪಿಸಿಕೊಳ್ಳಿ. ನಾಯಕಿ, ಅವಳ ಪ್ರಿಯಕರ ಇಬ್ಬರೂ ಊರು ಬಿಟ್ಟು ಹೊರಡುತ್ತಾರೆ. ಅವಳು ನಿದ್ದೆಯಲ್ಲಿದ್ದಾಗ ಅವನು ಇಳಿದುಹೋಗುತ್ತಾನೆ. ಊರು ಬಿಡುವುದು ಅವರಿಗೆ ಕಷ್ಟವಾಗಲಿಲ್ಲ. ಸೇರುವುದಕ್ಕೆ ಒಂದು ಮನೆ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ಸಿನಿಮಾ ಇರುವುದು ಅಲ್ಲಿ.

ಮೈಸೂರಿನಲ್ಲಿ ಆಪ್ತಸಮಾಲೋಚಕಿಯಾಗಿ ನಾನು ಹೆಚ್ಚು ಕಂಡದ್ದು ಹೆರಾಯಿನ್ ಅಲ್ಲ, ಸೈಕಲ್ ಪಂಕ್ಚರ್ ಹಾಕುವ ಸಲ್ಯೂಷನ್ ಎಂಬ ಅಂಟನ್ನು ಬಟ್ಟೆಗೆ ಹಾಕಿ ಮೂಸುವ ಚಟ. ರೈಲು ನಿಲ್ದಾಣದ ಕಡೆಯಿಂದ ಕರೆತಂದಿದ್ದ ಒಬ್ಬ ಹುಡುಗನ ತುಟಿ, ಮೂಗಿನ ಸುತ್ತ ಚರ್ಮ ಸುಲಿದಿತ್ತು. ಒದ್ದೆ ಬಟ್ಟೆಯ ಚೂರನ್ನು ತೋಳಿನೊಳಗೆ ಅಡಗಿಸಿಕೊಂಡೇ ಮಾತನಾಡುತ್ತಿದ್ದ. ಯಾಕಪ್ಪ ಎಂದರೆ, “ಎಳೆದರೆ ಹಸಿವು ಗೊತ್ತಾಗುವುದಿಲ್ಲ ಅಕ್ಕ, ಚಳಿಯೂ ಅಷ್ಟೆ” ಎಂದ. ಅನ್ನ, ಹೊದಿಕೆ ಕೊಡದೆ ಅವನಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಿನ ಪ್ರಮಾಣದಲ್ಲಿ ಕಂಡುಬಂದ ಅಮಲು ಈ ಮೂಸುವ ವಸ್ತುಗಳದ್ದೊಂದೇ.

ಇನ್ನೊಂದು ವಿಷಯ ಮನೆಯವರಿಗೆ ತಿಳಿದಿರುವುದಿಲ್ಲ. ಕೆಲವು ವಾರ ಹೆರಾಯಿನ್ ಬಿಟ್ಟವರ ಮೈ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ; ಮತ್ತೆ ಅಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಚಿಕಿತ್ಸೆ ಮುಗಿಸಿದವರನ್ನು ಹಳೆಯ ಜಾಗಕ್ಕೇ ಕಳಿಸಬೇಡಿ ಎಂದು ನಾವು ಗೋಗರೆಯುವುದು ಅದಕ್ಕೆ.

ಪ್ರಯೋಜನದ ಬಗ್ಗೆ ಕೇಳಿದಿರಿ. ಹಾಸ್ಟೆಲಿನ ಹುಡುಗ ಇಂಥ ಚಿತ್ರವನ್ನು ತಾತನ ಪಕ್ಕ ಕೂತು ನೋಡಿದ್ದಾನೆ. ಯಾಕೆ ತೋರಿಸಿದೆ ಎಂದು ಗದರಿಸದೆ ಕೇಳಿ, ಪಾಠ ಬೇಡ. ಸ್ನೇಹಿತನ ಚಿಂತೆಯಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446. ಹದಿನೆಂಟು ತುಂಬದ ಮಕ್ಕಳಾದರೆ 1098. ಪೊಲೀಸರ ಭಯವೆಂದರೆ, ಅಲ್ಪ ಪ್ರಮಾಣದ ಮಾದಕವಸ್ತುವಿನ ಪ್ರಕರಣದಲ್ಲಿ ತಾನಾಗಿಯೇ ಚಿಕಿತ್ಸೆಗೆ ಬರುವ ವ್ಯಸನಿಗೆ 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ ಎಂದು ಹೇಳಿ.