ಬರೆದದ್ದಕ್ಕೆ ಹಣ ಕೇಳಲಾಗದ ಯುವಕ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬಾಗಲಕೋಟೆಯ ನವನಗರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿರುವ ಈ ಯುವಕ ಇಳಕಲ್ ಕಡೆಯ ನೇಕಾರರ ಮನೆಯವರು. ಶಾಲೆಯ ಕೆಲಸ ಬಿಟ್ಟು, ಜಾಲತಾಣಗಳಿಗೂ ಜಾಹೀರಾತು ಸಂಸ್ಥೆಗಳಿಗೂ ಕನ್ನಡದಲ್ಲಿ ಬರೆದುಕೊಡುತ್ತಾರೆ. ಆಪ್ತಸಲಹೆಗಾಗಿ ನನ್ನಲ್ಲಿಗೆ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ನಡುರಾತ್ರಿ ಎದ್ದು, ಹಣ ಜಮೆಯಾದ ಸಂದೇಶ ಬಂದಿದೆಯೇ ಎಂದು ಮೊಬೈಲ್ ನೋಡುವುದು ರೂಢಿಯಾಗಿತ್ತು.

ಕೆಲಸಕ್ಕೆ ಕೊರತೆ ಇರಲಿಲ್ಲ. ಒಂದು ಸಂಸ್ಥೆ ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡಿದ್ದರೂ ಅದಕ್ಕೇ ಹೊಸ ಲೇಖನ ಕಳಿಸುತ್ತಿದ್ದರು. ಏಕೆ ಎಂದು ಕೇಳಿದೆ. “ದುಡ್ಡು ಕೇಳಿದರೆ ಮತ್ತೆ ಕರೆಯುವುದಿಲ್ಲ ಮೇಡಂ. ಬರಹಕ್ಕೆ ಬೆಲೆ ಹೇಳಲು ನಾಲಿಗೆ ಏಳುವುದಿಲ್ಲ” ಎಂದರು.

ನಿಮ್ಮ ತಂದೆ ಕೂಲಿ ಮಾತಾಡದೆ ಮಗ್ಗಕ್ಕೆ ಹಾಸು ಏರಿಸುತ್ತಾರೆಯೇ ಎಂದೆ. ಅವರು ತಡೆದು ತಡೆದು ಮಾತು ಶುರುಮಾಡಿದರು. ಸಾಹುಕಾರರು ನೂಲು, ರೇಷ್ಮೆ ಕೊಡುವುದು, ಸೀರೆಗಿಷ್ಟೆಂದು ಕೂಲಿ ಮೊದಲೇ ಗೊತ್ತಾಗುವುದು, ಸೆರಗನ್ನು ಸೀರೆಯ ಒಡಲಿಗೆ ಜೋಡಿಸುವ ಕೊಂಡಿ ಹಾಕುವಾಗ ತಾಯಿ ಜೊತೆಗೆ ಕೂರುವುದು ಎಲ್ಲವನ್ನೂ ಹೇಳಿದರು. ಆ ಮನೆಯಲ್ಲಿ ಕೂಲಿ ಕೇಳುವುದು ಯಾರಿಗೂ ನಾಚಿಕೆಯಾಗಿರಲಿಲ್ಲ. ಬರವಣಿಗೆ ಮಾತ್ರ ಮೇಲಿನದು, ಅದಕ್ಕೆ ಹಣ ಅಂಟಬಾರದು ಎಂಬ ಭಾವನೆ ಇವರಲ್ಲಿ ಎಲ್ಲಿಂದಲೋ ಬಂದು ಕುಳಿತಿತ್ತು. ಓದಿದ ಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ, ನನಗೆ ಸಂಕಟವಾಗುತ್ತದೆ.

ಮುಂದಿನ ಭೇಟಿಗೆ ತಂದೆಯೂ ಬಂದರು. “ಪಗಾರ ಇಲ್ಲ, ಸರಿ. ಇವನಿಗೆ ಸಾಹುಕಾರ ಯಾರು?” ಎಂದು ಕೇಳಿದರು. ಅದು ಹಂಗಿಸುವ ಮಾತಲ್ಲ. ಕೆಲಸವಿಲ್ಲದ ತಿಂಗಳುಗಳನ್ನು ಕಂಡವರ ಭಯ. ಹಾಗಾಗಿ ಪ್ರತಿ ಪಾವತಿಯಿಂದ ಒಂದು ಪಾಲು ತೆಗೆದಿಟ್ಟು, ಆರು ತಿಂಗಳ ಖರ್ಚು ಕೂಡಿಸುವ ಗುರಿಯನ್ನು ತಂದೆಯ ಎದುರಿಗೇ ಬರೆಸಿದೆ.

ಉಳಿದ ಸಲಹೆ ವ್ಯವಹಾರದ್ದು. ಬರೆಯಲು ಕೂರುವ ಮುನ್ನ ಪದಗಳ ಸಂಖ್ಯೆ, ದರ, ಎಷ್ಟು ಸಲ ತಿದ್ದಿಕೊಡಬೇಕು, ಹಣ ಕೊಡುವ ದಿನ ಇಷ್ಟನ್ನು ಇಮೇಲ್‌ನಲ್ಲಿ ಒಪ್ಪಿಸಿಕೊಳ್ಳಬೇಕು; ಹೊಸಬರಾದರೆ ಅರ್ಧ ಮುಂಗಡ. ಲೇಖನದ ಜೊತೆಗೇ ಬಿಲ್ ಹೋಗಬೇಕು. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಉಚಿತ, ಸೇವೆ ಕೊಡುವ ಒಬ್ಬಂಟಿಗರೂ ಮಾಡಿಸಬಹುದು. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯಂತೆ, ನೋಂದಣಿಯ ನಂತರ ಮಾಡಿದ ಕೆಲಸಕ್ಕೆ ಹಣ ಕೊಡುವ ಗಡುವು ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಬಡ್ಡಿ ಸೇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರನಾಗಿ ಬರೆಯದ ಲೇಖನದ ಮೊದಲ ಹಕ್ಕುದಾರ ಲೇಖಕನೇ. ಹಕ್ಕು ವರ್ಗಾಯಿಸಲು ಸಹಿ ಮಾಡಿದ ಬರಹ ಬೇಕು. ಅದರಲ್ಲಿ ಅವಧಿ ಹೇಳಿರದಿದ್ದರೆ ಐದು ವರ್ಷ ಎಂದೇ ಅರ್ಥ. ಇದನ್ನು ಕೇಳಿ ಅವರು ನೆಟ್ಟಗೆ ಕುಳಿತರು.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ಯಾರು ಬೇಕಾದರೂ ಬರೆಯಬಹುದಾದ ಸಾಮಾನ್ಯ ಲೇಖನಕ್ಕೆ ದರ ಏರದು. ಕೈಮಗ್ಗ, ದಾಳಿಂಬೆ ತೋಟ, ಆಲಮಟ್ಟಿ ಹಿನ್ನೀರಿನಿಂದ ಎದ್ದುಬಂದವರ ಬದುಕು ಇವು ಇವರಿಗೆ ಒಳಗಿನಿಂದ ಗೊತ್ತು. ನವನಗರವೇ ಮುಳುಗಡೆಯಾದವರಿಗಾಗಿ ಕಟ್ಟಿದ ಊರು. ಜವಳಿ, ತೋಟಗಾರಿಕೆಯ ಸಂಸ್ಥೆಗಳಿಗೆ ಇಂಥ ತಿಳಿವಳಿಕೆಯ ಕನ್ನಡ ಬೇಕು. ಈ ವಿಷಯಗಳಲ್ಲಿ ಮೂರು ಮಾದರಿ ಲೇಖನ ಸಿದ್ಧಪಡಿಸಿ ಕಳಿಸಲು ಹೇಳಿದೆ.

ನಿದ್ದೆಗಾಗಿ, ರಾತ್ರಿ ಮೊಬೈಲನ್ನು ಕೋಣೆಯ ಹೊರಗಿಡಲು, ಬಾಕಿ ವಿಚಾರಿಸುವುದಕ್ಕೆ ವಾರದಲ್ಲಿ ಒಂದೇ ದಿನ ಗೊತ್ತುಮಾಡಲು ಸೂಚಿಸಿದೆ. ನಡುರಾತ್ರಿ ಕಳವಳ ಹೆಚ್ಚಿದರೆ ಕರೆ ಮಾಡಲು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಬರೆದುಕೊಟ್ಟೆ.

ಬಾಕಿ ಉಳಿಸಿಕೊಂಡಿದ್ದ ಸಂಸ್ಥೆ ಅರ್ಧ ಹಣ ಕೊಟ್ಟು ಸುಮ್ಮನಾಗಿದೆ. ಇವರು ಅದಕ್ಕೆ ಬರೆಯುವುದನ್ನು ನಿಲ್ಲಿಸಿ, ಉಳಿದ ಹಣಕ್ಕೆ ನೋಟಿಸು ಸಿದ್ಧಪಡಿಸುತ್ತಿದ್ದಾರೆ. ಜವಳಿ ವ್ಯಾಪಾರಿಯೊಬ್ಬರು ಮುಂಗಡ ಕೊಟ್ಟು ಕೆಲಸ ಒಪ್ಪಿಸಿದ್ದಾರೆ. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ, ಭೇಟಿಗಳು ಮುಂದುವರಿದಿವೆ.