ಬೆಡ್‌ಶೀಟ್ ಗಲೀಜಾಯ್ತು, ಸಾರಿ ಸಿಸ್ಟರ್

ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ರ ಬಂದ ಒಬ್ಬ ಬಾಣಂತಿ ಕಥೆ ಇದು. ಒಂದೆರಡು ವಿವರ ಬದಲಾಯಿಸಿದೀನಿ, ಅವಳನ್ನ ಕೇಳ್ಕೊಂಡೇ ಬರೀತಿರೋದು. ಇಂಥ ಕೇಸು ಪದೇ ಪದೇ ಬರ್ತಾನೇ ಇದೆ, ಅದಕ್ಕೇ ಸುಮ್ನಿರೋಕಾಗ್ಲಿಲ್ಲ.

ಹುಡುಗಿಗೆ 24 ವರ್ಷ, ಮೊದಲ ಹೆರಿಗೆ, ನಾರ್ಮಲ್, ಒಂದು ಸರ್ಕಾರಿ ಆಸ್ಪತ್ರೇಲಿ. ಮಗೂಗೆ 4 ತಿಂಗಳು. ಕರ್ಕೊಂಡು ಬಂದಿದ್ದು ಅತ್ತೆ. ದಿನಕ್ಕೆ ಮೂರ್ ಸಲ ಬೆಡ್‌ಶೀಟ್ ಒಗೀತಾಳೆ, ಮಂಚದ ಮೇಲೆ ಮಲಗಲ್ಲ, ನೆಲದ ಮೇಲೆ ಹಳೇ ಸೀರೆ ಹಾಸ್ಕೊಂಡು ಮಲಗ್ತಾಳೆ, ಬಾಣಂತಿಗೆ ಗಾಳಿ ಸೋಕಿದೆ ಅಂತ ತಾಯತ ಕಟ್ಸಿದ್ದೂ ಆಗಿತ್ತು. ನಗೋ ಹಾಗಿಲ್ಲ, ಯಾಕಂದ್ರೆ ನಾನೂ ಮೊದಲ ಎರಡು ಸೆಷನ್ ದಾರಿ ತಪ್ಪಿದೆ. ಹೆರಿಗೆ ಆದ್ಮೇಲೆ ಕೆಲವರಿಗೆ ಒಸಿಡಿ, ಅಂದ್ರೆ ಬೇಡದ ಯೋಚನೆ ಬಿಡದೆ ಕಾಡಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸೋ ಕಾಯಿಲೆ, ಶುರುವಾಗುತ್ತೆ, ಇದೂ ಅದೇ ಇರ್ಬೇಕು ಅಂದ್ಕೊಂಡು ಕೈ ಎಷ್ಟ್ ಸಲ ತೊಳೀತೀಯ, ಕೀಟಾಣು ಭಯ ಇದೆಯಾ ಅಂತೆಲ್ಲ ಕೇಳ್ತಾ ಕೂತೆ. ಅವಳು ಎಲ್ಲಕ್ಕೂ ಇಲ್ಲ ಮೇಡಂ, ಇಲ್ಲ ಮೇಡಂ.

ಮೂರನೇ ಸಲ ಬಂದಾಗ ಅತ್ತೇನ ಹೊರಗೆ ಕೂರ್ಸಿ, ವಾರ್ಡಲ್ಲಿ ಮೊದಲ ರಾತ್ರಿ ಹೆಂಗಿತ್ತಮ್ಮ ಅಂತ ಸುಮ್ನೆ ಕೇಳಿದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ್ಲು.

ರಾತ್ರಿ ಎರಡು ಗಂಟೆ ಇರ್ಬೇಕು, ಮಗೂಗೆ ಹಾಲು ಕುಡಿಸ್ತಿದ್ದಾಗ ಬಳಕ್ ಅಂತ ರಕ್ತ ಹೋಯ್ತು, ಶೀಟು ದಾಟಿ ಹಸಿರು ರೆಕ್ಸಿನ್ ಹಾಸಿಗೆ ಮೇಲೆಲ್ಲ. ಸಿಸ್ಟರನ್ನ ಕರೆದ್ರೆ, ಸಂಜೆ ತಾನೇ ಬದಲಾಯ್ಸಿದ್ದು, ನಿಮ್ಮನೇಲೂ ಹಿಂಗೇ ಗಲೀಜು ಮಾಡ್ತೀಯಾ ಅಂತ ಅಕ್ಕಪಕ್ಕದ ಬೆಡ್ಡಿನೋರೆಲ್ಲ ಎದ್ದು ಕೂರೋ ಹಂಗೆ ಬೈದ್ರಂತೆ. ಆಯಾ 200 ರೂಪಾಯಿ ಕೇಳಿದ್ಲು, ದಿಂಬಿನ ಕೆಳಗಿದ್ದ ಪರ್ಸಿಂದ ಕೊಟ್ಟಳು. ಇಷ್ಟು ಹೇಳುವಾಗ ಅವಳಿಗೆ ಕಣ್ಣೀರಿಲ್ಲ. ಆಮೇಲೆ ಅಂದಿದ್ದು ಇದು: "ಅವ್ರು ಬೈದಿದ್ದು ಬಿಡಿ ಮೇಡಂ. ನಾನು ಕೈ ಮುಗಿದು ಸಾರಿ ಅಂದ್ನಲ್ಲ. ರಕ್ತ ಹೋಗಿದ್ದಕ್ಕೆ ಸಾರಿ ಅಂದ್ನಲ್ಲ." ಅದಾದ್ಮೇಲೆ ಬೆಳಗಿನವರೆಗೂ ಮತ್ತೆ ರಕ್ತ ಹೋದಾಗೆಲ್ಲ ಯಾರನ್ನೂ ಕರೀಲಿಲ್ಲ, ಮನೆಯಿಂದ ತಂದಿದ್ದ ಹಳೇ ಸೀರೆ ತುಂಡು ಒಂದರ ಮೇಲೊಂದು ತೊಡೆ ಕೆಳಗೆ ತುರುಕ್ಕೊಂಡು ಅಲ್ಲಾಡದೆ ಮಲಗಿದ್ಲು.

ನನಗೆ ಬೆನ್ನು ತಣ್ಣಗಾಗಿದ್ದು ಇಲ್ಲೇ. ಹಾಲು ಕುಡಿಸುವಾಗ ಗರ್ಭಕೋಶ ಕುಗ್ಗುತ್ತೆ, ಆಗ ರಕ್ತ ಜಾಸ್ತಿ ಹೋಗೋದು ಸಹಜ, ಅವಳಿಗದನ್ನ ಒಬ್ರೂ ಹೇಳಿರ್ಲಿಲ್ಲ. ಆದ್ರೆ ಒಂದು ಪ್ಯಾಡ್ ಒಂದೇ ಗಂಟೇಲಿ ಪೂರ್ತಿ ನೆನೆದ್ರೆ, ಹೆಪ್ಪುಗಟ್ಟಿದ ರಕ್ತದ ದೊಡ್ಡ ಗಡ್ಡೆ ಹೋದ್ರೆ, ಅದು ಸಹಜ ಅಲ್ಲ, ಆ ಕ್ಷಣಕ್ಕೆ ಕೂಗಬೇಕು, ಮೊದಲ 24 ಗಂಟೆ ಅಂತೂ ತುಂಬಾ ಅಪಾಯದ ಹೊತ್ತು. ಬೈಸ್ಕೊಂಡ ಬಾಣಂತಿ ಕೂಗಲ್ಲ, ಮುಚ್ಚಿಡ್ತಾಳೆ. ಹಾಗಾಗಿ ಇದು ಬರೀ ಮಾತಿನ ಒರಟುತನ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ರಾತ್ರಿ ಒಬ್ಬಳೇ ಸಿಸ್ಟರ್ ಇಡೀ ವಾರ್ಡು ನೋಡೋ ಕಷ್ಟ ನನಗೆ ಗೊತ್ತು, ನನ್ನ ಹತ್ರ ಬರೋರಲ್ಲಿ ನರ್ಸ್‌ಗಳೂ ಇದ್ದಾರೆ, ಅವ್ರ ಸುಸ್ತು ನಿಜ. ಆದ್ರೂ.

ಸಾಯೋ ಯೋಚನೆ, ಮಗೂಗೆ ಏನಾದ್ರೂ ಮಾಡ್ಬಿಡೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ, ಇಲ್ಲ ಅಂದ್ಲು. ಆದ್ರೂ ಒಂದ್ಸಲ ಸೈಕಿಯಾಟ್ರಿಸ್ಟ್ ಹತ್ರ ಕಳಿಸ್ದೆ, ಯಾಕಂದ್ರೆ ಹೆರಿಗೆ ಆದ್ಮೇಲಿನ ಅಳು ಬೇಜಾರು ಸಾಮಾನ್ಯವಾಗಿ ಎರಡು ವಾರದಲ್ಲಿ ಇಳಿಯುತ್ತೆ, ಇದು 4 ತಿಂಗಳು. ರಾತ್ರಿ ಹೊತ್ತು ತಡೀಲಾರದೆ ಆದ್ರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ, ಕನ್ನಡದಲ್ಲೇ ಮಾತಾಡ್ತಾರೆ.

ಕೊಟ್ಟ ಸಲಹೆ ಎರಡೇ. ಒಂದು, ಒಗೆಯೋದನ್ನ ಯಾರೂ ತಡೀಬೇಡಿ, ಗಂಡ ಜೊತೆಗೆ ನಿಂತು ಹಿಂಡ್ಲಿ. ಪಾಪ, ಅವನಿಗೆ ಏನೂ ಗೊತ್ತಿರ್ಲಿಲ್ಲ, ರಾತ್ರಿ ಗಂಡಸರನ್ನ ಒಳಗೆ ಬಿಡಲ್ಲ ಅಂತ ಗೇಟಿನಾಚೆ ಇದ್ನಂತೆ, "ನಾನು ಬೆಳಿಗ್ಗೆ ಪೇಡ ಹಂಚ್ತಿದ್ದೆ ಮೇಡಂ" ಅಂತ ತಲೆ ತಗ್ಗಿಸಿದ. ಎರಡು, ಆ ರಾತ್ರಿ ಆಗಿದ್ದನ್ನ ಆಸ್ಪತ್ರೆಗೆ ಬರೆಯೋ ಪತ್ರದ ಥರ ಬರಿ, ಕಳಿಸೋದು ಬಿಡೋದು ಆಮೇಲೆ. ಕೆಲವ್ರು ನನ್ನನ್ನೇ ಬೈದ್ರು, ನೇರ ಕಂಪ್ಲೇಂಟ್ ಕೊಡಿಸ್ಬೇಕಿತ್ತು, ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದಲೇ ಇದೆ, ಸರ್ಕಾರಿ ಆಸ್ಪತ್ರೇಲಿ ಹೆರಿಗೆ, ಔಷಧಿ, ಊಟ, ಮನೆಗೆ ಬಿಡೋ ಗಾಡಿ ಎಲ್ಲಾ ಫ್ರೀ, ಆ 200 ಯಾವ ಲೆಕ್ಕ ಅಂತ. ಸರಿನೇ. ಆದ್ರೆ ಹೆದರಿಕೇಲಿ ಕೈ ಮುಗಿದೋಳನ್ನ ನಾನೂ ಹಿಂದಿನಿಂದ ತಳ್ಳಿದ್ರೆ ಅದೂ ಜಬರದಸ್ತೇ ಅಲ್ವಾ? "ಮಗು ಚೆನ್ನಾಗಿದೆಯಲ್ಲ, ಮರ್ತುಬಿಡು" ಅನ್ನೋರಿಗಂತೂ ನನ್ನ ಹತ್ರ ಉತ್ತರ ಇಲ್ಲ, ಬೆಳಗಿನ ಜಾವ ಅವಳಿಗೇ ಏನಾದ್ರೂ ಆಗಿದ್ರೆ ಇದನ್ನ ಯಾರಿಗೆ ಹೇಳ್ತಿದ್ರೋ.

ಈಗ ಒಗೆಯೋದು ದಿನಕ್ಕೆ ಒಂದ್ಸಲಕ್ಕೆ ಬಂದಿದೆ, ಮಲಗೋದು ಇನ್ನೂ ನೆಲದ ಮೇಲೇ. ಪತ್ರ ಒಂದೂವರೆ ಪುಟ ಆಗಿದೆ, ಕಳಿಸಿಲ್ಲ. ಹೋದ್ವಾರ ಫೋನ್ ಮಾಡಿ, ಮೇಡಂ ಕೊನೇಲಿ "ದಯವಿಟ್ಟು ತಪ್ಪು ತಿಳ್ಕೋಬೇಡಿ" ಅಂತ ಬರೆದಿದೀನಿ, ಅದು ಇರ್ಲಾ ತೆಗೀಲಾ ಅಂದ್ಲು. ನಿನಗೇನನ್ಸುತ್ತೆ ಅಂತ ನಾನು ತಿರುಗಿ ಕೇಳ್ಬೇಕಿತ್ತು, ನಮ್ಮ ಟ್ರೈನಿಂಗ್ ಅದೇ. ಬಾಯಿಗೆ ಬಂದಿದ್ದು, ತೆಗಿ.