ಬಿಟ್ಟಿ ಅನ್ನುವ ಮೊದಲು ಒಮ್ಮೆ ಸಾರಡ್ಕದ ಈಚೆ ಬನ್ನಿ

ಮೊನ್ನೆ ಫೋನಿನಲ್ಲಿ ನೀವು ಎರಡು ಪ್ರಶ್ನೆ ಕೇಳಿದಿರಿ. ಕನ್ನಡದವರಾಗಿ ಕೇರಳದಲ್ಲಿರುವುದು ಕಷ್ಟ ಅಲ್ವಾ ಅಂತ ಒಂದು. ಪಿಂಚಣಿ, ಅಕ್ಕಿ, ಗ್ಯಾರಂಟಿ ಅಂತ ಎಲ್ಲ ಬಿಟ್ಟಿ ಕೊಟ್ಟರೆ ಜನ ಸೋಮಾರಿಗಳಾಗುವುದಿಲ್ವಾ ಅಂತ ಇನ್ನೊಂದು. ಬೆಂಗಳೂರಿನಲ್ಲಿ ಕೂತು ನೋಡಿದರೆ ಹಾಗೆ ಅನಿಸಬಹುದು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಜಾಗ ಹೇಳುತ್ತೇನೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ನಮ್ಮ ಮನೆ. ಪೇಟೆ ಅಂದರೆ ಪೆರ್ಲ. ಪೆರ್ಲದಿಂದ ವಿಟ್ಲದ ರಸ್ತೆಯಲ್ಲಿ ಹೋದರೆ ಸಾರಡ್ಕ ಸಿಗುತ್ತದೆ. ಅಲ್ಲಿ ಕೇರಳ ಮುಗಿಯುತ್ತದೆ. ಮುಂದೆ ಅಡ್ಯನಡ್ಕ, ಅದು ಕರ್ನಾಟಕ. ಅಡಿಕೆ ತೋಟ ಎರಡೂ ಕಡೆ ಒಂದೇ ಥರ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಗೆ ಹೋದರೆ ಮಲಯಾಳ. ಅಕ್ಕನನ್ನು ವಿಟ್ಲದ ಹತ್ತಿರ ಕೊಟ್ಟಿದ್ದೇವೆ. ಅಮ್ಮ ನನ್ನೊಟ್ಟಿಗೆ ಈಚೆ ಇದ್ದಾರೆ. ಒಂದೇ ಮನೆಯವರಿಗೆ ಎರಡು ಸರಕಾರ.

ಹೀಗೆ ಬೆಳೆದವರಿಗೆ ಒಂದು ಸಂಗತಿ ಬೇಗ ತಿಳಿಯುತ್ತದೆ. ಯಾವ ಕಾನೂನು ಯಾವ ವರ್ಷ ಬಂತು ಅನ್ನುವುದರ ಮೇಲೆ ಒಂದು ಮನೆಯ ಊಟ, ಮಕ್ಕಳ ಓದು, ಕಾಲ ಕೆಳಗಿನ ಜಾಗ ಎಲ್ಲ ನಿಂತಿರುತ್ತದೆ. ಹಣೆಬರಹ ಅನ್ನುವ ಮಾತನ್ನು ನಾನು ನಂಬದೇ ಇರುವುದಕ್ಕೆ ನಮ್ಮ ಮನೆಯ ಕತೆಯೇ ಸಾಕು.

ನನ್ನ ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಕೊಯ್ಲು ಆದ ಕೂಡಲೇ ಧಣಿಗಳ ಮನೆಗೆ ಗೇಣಿ ಅಳೆದು ಕೊಡಬೇಕು, ಉಳಿದದ್ದು ಮನೆಗೆ. ಕೇರಳದಲ್ಲಿ 1970ರ ಜನವರಿ 1ಕ್ಕೆ ಭೂಸುಧಾರಣೆ ಜಾರಿಗೆ ಬಂತು. ಗೇಣಿ ಅವತ್ತಿಗೆ ಮುಗಿಯಿತು. ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೂ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್ ಜಾಗವನ್ನು ಕಡಿಮೆ ಬೆಲೆಗೆ ತಮ್ಮದು ಮಾಡಿಕೊಳ್ಳುವ ಹಕ್ಕು ಸಿಕ್ಕಿತು. ಅಜ್ಜಿಯ ತವರು ಆಚೆ. ಅಲ್ಲಿ ದೇವರಾಜ ಅರಸು ಅವರ ಸರಕಾರದ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ಕ್ಕೆ. ನಡುವಿನ 4 ವರ್ಷ 2 ತಿಂಗಳು ಅಜ್ಜಿಯ ಅಣ್ಣಂದಿರು ಗೇಣಿ ಅಳೆಯುತ್ತಲೇ ಇದ್ದರು. ಅಜ್ಜನಷ್ಟೇ ದುಡಿಯುತ್ತಿದ್ದರು, ಅಜ್ಜನ ಗದ್ದೆಗೆ ಬಿದ್ದ ಮಳೆಯೇ ಅವರ ಗದ್ದೆಗೂ ಬೀಳುತ್ತಿತ್ತು. ಆಮೇಲೆ ಅವರೂ ನಾವು ಗೇಣಿದಾರರು ಅಂತ ಡಿಕ್ಲರೇಶನ್ ಕೊಟ್ಟರು, ಭೂ ಟ್ರಿಬ್ಯೂನಲ್‌ಗೆ ಅಲೆದರು, ಭೂಮಿ ಪಡೆದರು. ದಕ್ಷಿಣ ಕನ್ನಡದಲ್ಲಿ ಆ ಕಾನೂನು ಚೆನ್ನಾಗಿಯೇ ನಡೆಯಿತು. ಅರಸು ಅವರ ಹೆಸರು ಹೇಳುವಾಗ ಅಜ್ಜಿ ಕೈ ಮುಗಿಯುತ್ತಿದ್ದರು.

2020ರಲ್ಲಿ ಕರ್ನಾಟಕ ಅದೇ ಕಾನೂನಿನ 79ಎ, 79ಬಿ ಸೆಕ್ಷನ್ ತೆಗೆದು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಅಂದಿತು. ಅಜ್ಜಿ ಆಗ ಇರಲಿಲ್ಲ. ಇದ್ದಿದ್ದರೆ ಅವರಿಗೆ ಇದನ್ನು ಹೇಗೆ ಹೇಳುತ್ತಿದ್ದೆನೋ.

ಇನ್ನು ಬೀಡಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ನಮ್ಮ ಮನೆ ನಡೆದದ್ದೇ ಬೀಡಿಯಲ್ಲಿ. ಅಮ್ಮ 14 ವರ್ಷಕ್ಕೆ ಬೀಡಿ ಕಟ್ಟಲು ಕೂತವರು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪು, ಕತ್ತರಿ, ನೂಲು. ಎಲೆಯನ್ನು ಮೊದಲೇ ನೆನೆಸಿ ಮೆತ್ತಗೆ ಮಾಡಿಡಬೇಕು. ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಟಿ, ಬಾಯಿ ಮಡಚಿ ನೂಲು ಸುತ್ತಬೇಕು. ಅಡುಗೆ, ಹಟ್ಟಿ, ಮಕ್ಕಳು ಎಲ್ಲ ನೋಡಿಕೊಂಡು ಸಾವಿರ ಬೀಡಿ ಆಗುವಾಗ ರಾತ್ರಿಯಾಗುತ್ತಿತ್ತು. ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಕೊಂಡುಹೋದರೆ ಸರಿಯಿಲ್ಲ ಅಂತ ಒಂದಿಷ್ಟನ್ನು ಬದಿಗೆ ಹಾಕುತ್ತಿದ್ದರು. ಅದಕ್ಕೆ ಕೂಲಿ ಇಲ್ಲ. ಎಲೆ ಕಡಿಮೆ ಬಿದ್ದರೆ ಕೈಯಿಂದ ದುಡ್ಡು ಹಾಕಿ ತರಬೇಕು. ಹುಡುಗಿ ನೋಡಲು ಬಂದವರು ಬೀಡಿ ಕಟ್ಟಲು ಬರುತ್ತದಾ ಅಂತ ಕೇಳುತ್ತಿದ್ದ ಕಾಲ ಅದು.

ಬೀಡಿ ಕಾರ್ಮಿಕರಿಗಾಗಿ ಸಂಸತ್ತು 1966ರಲ್ಲಿ ಒಂದು ಕಾನೂನು ಮಾಡಿತು. ಕೆಲಸಕ್ಕೆ ಇಷ್ಟೇ ಹೊತ್ತು, ಸಂಬಳದ ರಜೆ, ಹೆರಿಗೆ ಸವಲತ್ತು ಅಂತೆಲ್ಲ ಅದರಲ್ಲಿತ್ತು. ಕೇರಳ ಅದನ್ನು ಜಾರಿ ಮಾಡಲು ಹೊರಟಾಗ ಮಂಗಳೂರಿನ ದೊಡ್ಡ ಮಾಲಕರು ಈಚೆಯ ಕೆಲಸ ನಿಲ್ಲಿಸಿಬಿಟ್ಟರು. ಆಗ ಕಾಸರಗೋಡು ಕಣ್ಣೂರು ಜಿಲ್ಲೆಯಲ್ಲೇ ಇತ್ತು. ಆ ಭಾಗದಲ್ಲಿ ಸುಮಾರು 12,000 ಮಂದಿ ಕೆಲಸ ಕಳಕೊಂಡರು. ಕಾನೂನು ಮಾಡಿದ್ದಕ್ಕೇ ಹೀಗಾಯಿತು ನೋಡಿ ಅಂತ ಸರಕಾರ ಸುಮ್ನೆ ಕೂರಬಹುದಿತ್ತು. ಆಗ ಕೇರಳದ ಮುಖ್ಯಮಂತ್ರಿಯಾಗಿದ್ದ ಇ.ಎಂ.ಎಸ್. ಅವರ ಸರಕಾರ ಕೂರಲಿಲ್ಲ. ಕೆಲಸ ಹೋದವರನ್ನೇ ಸೇರಿಸಿ 1969ರಲ್ಲಿ ದಿನೇಶ್ ಬೀಡಿ ಅಂತ ಸಹಕಾರಿ ಸಂಘ ಕಟ್ಟಿಸಿತು, ಪಾಲಿನ ಹಣಕ್ಕೆ ಸಾಲವನ್ನೂ ಕೊಟ್ಟಿತು. ಕಾರ್ಮಿಕರೇ ಮಾಲಕರು. ಎಲ್ಲರೂ ಬೀಡಿ ಸುತ್ತುವಾಗ ಒಬ್ಬರು ಪೇಪರ್ ಓದಿ ಹೇಳುವುದು ಅಲ್ಲಿಯ ರೂಢಿಯಾಗಿತ್ತು. ಬೀಡಿ ಸೇದುವವರು ಕಡಿಮೆಯಾದ ಮೇಲೆ ಆ ಸಂಘ ಕೊಡೆ, ಬಟ್ಟೆ, ತಿಂಡಿ ಸಾಮಾನು ಮಾಡಲು ಶುರು ಮಾಡಿತು.

ಅಮ್ಮ ಆ ಸಂಘದಲ್ಲಿ ಇರಲಿಲ್ಲ. ನಮ್ಮ ಈ ತುದಿಯಲ್ಲಿ ಜಾಸ್ತಿ ಮನೆಗಳಿಗೆ ಕೆಲಸ ಬರುತ್ತಿದ್ದದ್ದು ಕಂಟ್ರಾಕ್ಟರ್ ಮೂಲಕ, ಗಡಿಯಾಚೆಯಿಂದ. ಅಮ್ಮನಿಗೆ ಉಳಿದದ್ದು ಪಿಎಫ್. 1977ರಲ್ಲಿ ಬೀಡಿಗೆ ಪಿಎಫ್ ಬಂತು, ಅದೂ ಕಾರ್ಮಿಕ ಸಂಘಟನೆಗಳ ಹೋರಾಟದಿಂದ. ಇವತ್ತು ಅಮ್ಮನಿಗೆ ಪಿಎಫ್ ಪಿಂಚಣಿ ಅಂತ ತಿಂಗಳಿಗೆ 1,000 ರೂಪಾಯಿ ಬರುತ್ತದೆ. ಕೇಂದ್ರ ಸರಕಾರ 2014ರ ಸೆಪ್ಟೆಂಬರ್‌ನಲ್ಲಿ ನಿಗದಿ ಮಾಡಿದ ಕನಿಷ್ಠ ಮೊತ್ತ ಅದು. ಆಮೇಲೆ ಅದು ಏರಿದ್ದನ್ನು ನಾವು ಕಂಡಿಲ್ಲ. 40 ವರ್ಷ ಬೆನ್ನು ಬಗ್ಗಿಸಿ ಕೂತದ್ದಕ್ಕೆ ದಿನಕ್ಕೆ 33 ರೂಪಾಯಿ. ಇದನ್ನು ಬಿಟ್ಟಿ ಅನ್ನುತ್ತೀರಾ?

2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿಗೆ ಶೇ. 28, ಎಲೆಗೆ ಶೇ. 18 ಹಾಕಿದರು. ಬೀಡಿ ಮೇಲೆ ಇದ್ದ ಕಲ್ಯಾಣ ಸೆಸ್ ಹೋಯಿತು. ಬೀಡಿ ಕಾರ್ಮಿಕರ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ಎಲ್ಲ ನಡೆಯುತ್ತಿದ್ದದ್ದು ಆ ಸೆಸ್ಸಿನಿಂದ. ನನ್ನ ಹೈಸ್ಕೂಲು ಪುಸ್ತಕಗಳು ಆ ವಿದ್ಯಾರ್ಥಿವೇತನದವು. 2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದಾಗ 1966ರ ಆ ಕಾನೂನೂ ಅದರೊಳಗೆ ಕರಗಿತು. ಬೀಡಿಯವರಿಗೆ ಅಂತಲೇ ಇದ್ದ ಕಾನೂನು ಈಗ ಇಲ್ಲ. ಬೀಡಿ ಆರೋಗ್ಯಕ್ಕೆ ಕೆಟ್ಟದ್ದು, ನಾನೂ ಒಪ್ಪುತ್ತೇನೆ. ಅಮ್ಮನ ಕೆಮ್ಮು ದಿನಾ ಕೇಳುತ್ತೇನೆ. ಆದರೆ ಒಂದು ಕೆಲಸ ನಿಲ್ಲಬೇಕಾದರೆ ಅದನ್ನೇ ನಂಬಿದ ಹೆಂಗಸರಿಗೆ ಬೇರೆ ದಾರಿ ಮೊದಲು ಆಗಬೇಕು.

ಈಗ ನಿಮ್ಮ ಗ್ಯಾರಂಟಿ ವಿಷಯಕ್ಕೆ ಬರುತ್ತೇನೆ. ಅಕ್ಕನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಕೆಲವು ತಿಂಗಳು ತಡವಾಗುತ್ತದೆ, ಆದರೂ ಬರುತ್ತದೆ. ಮದುವೆಯಾದ ಮೇಲೆ ಅವಳ ಹೆಸರಿಗೇ ಅಂತ ಬಂದ ಮೊದಲ ದುಡ್ಡು ಅದು. ಮೊದಲ ಕಂತಿನಲ್ಲಿ ತನ್ನ ಕನ್ನಡಕ ಬದಲಿಸಿಕೊಂಡಳು. ಎರಡು ವರ್ಷದಿಂದ ಒಡೆದ ಕನ್ನಡಕ ಹಾಕುತ್ತಿದ್ದಳಂತೆ, ನಮಗೆ ಗೊತ್ತೇ ಇರಲಿಲ್ಲ. ಶಕ್ತಿ ಯೋಜನೆಯ ಬಸ್ಸು ನಮ್ಮ ಕಡೆ ಬೇರೆ ಕತೆ. ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಸರಕಾರಿ ಬಸ್ಸಿಗೆ ಕಾಯಬೇಕು. ಅಮ್ಮ ಆಚೆ ಹೋದಾಗ ಇಬ್ಬರೂ ಪುತ್ತೂರಿಗೆ ಒಟ್ಟಿಗೆ ಹೋಗುತ್ತಾರೆ. ಅಕ್ಕ ಟಿಕೆಟಿಗೆ ದುಡ್ಡು ಕೊಡಬೇಕಾಗಿಲ್ಲ, ಅಮ್ಮ ಕೊಡಬೇಕು. ಅವರ ಆಧಾರ್ ಕೇರಳದ್ದು.

ಅಕ್ಕಿಯ ವಿಷಯ ನಿಮಗೆ ನೆನಪಿರಬಹುದು. 2023ರ ಜೂನ್‌ನಲ್ಲಿ ಕರ್ನಾಟಕ ದುಡ್ಡು ಕೊಡುತ್ತೇವೆ, ಅಕ್ಕಿ ಕೊಡಿ ಅಂತ ಕೇಳಿತು. ಕೇಂದ್ರ ಸರಕಾರ ಹೆಚ್ಚಿನ ರಾಜ್ಯಗಳಿಗೆ ಮಾರುವುದನ್ನೇ ನಿಲ್ಲಿಸಿತು. ಖಾಸಗಿ ವ್ಯಾಪಾರಿಗಳಿಗೆ ಮಾರುವುದು ನಿಲ್ಲಲಿಲ್ಲ. ಕೊನೆಗೆ ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ಒಬ್ಬೊಬ್ಬರಿಗೆ 170 ರೂಪಾಯಿ ಹಾಕಬೇಕಾಯಿತು. ಗೋದಾಮಿನಲ್ಲಿ ಅಕ್ಕಿ ಇಟ್ಟುಕೊಂಡು ಹಸಿದವರಿಗೆ ಇಲ್ಲ ಅನ್ನುವುದು ಯಾವ ಲೆಕ್ಕ? ಇನ್ನೊಂದು ಸಣ್ಣ ಮಾತು. ನಮ್ಮ ಕರಾವಳಿಯವರು ಉಣ್ಣುವುದು ಕುಚ್ಚಲಕ್ಕಿ. ಆಚೆ ರೇಷನ್ನಿನಲ್ಲಿ ಬರುವುದು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಕುಚ್ಚಲಕ್ಕಿ ಕೊಡಿ ಅಂತ ಅಲ್ಲಿಯವರು ವರ್ಷಗಳಿಂದ ಕೇಳುತ್ತಿದ್ದಾರೆ.

ಈಚೆ ಚಿಕ್ಕಮ್ಮನಿಗೆ ವಿಧವಾ ಪಿಂಚಣಿ 1,600 ಇತ್ತು, 2025ರ ನವೆಂಬರ್‌ನಿಂದ 2,000 ಆಗಿದೆ. ಸಹಕಾರಿ ಬ್ಯಾಂಕಿನವರು ಮನೆಗೇ ತಂದು ಕೊಡುತ್ತಾರೆ. ಆದರೆ 2023–24ರಲ್ಲಿ ತಿಂಗಳುಗಟ್ಟಲೆ ಬಾಕಿ ಬಿತ್ತು. ಚಿಕ್ಕಮ್ಮ ಜಗಲಿಯಲ್ಲಿ ಕೂತು ದಾರಿ ನೋಡುತ್ತಿದ್ದರು. ಕೇಂದ್ರ ಸಾಲದ ಮಿತಿ ಕಡಿಮೆ ಮಾಡಿತು ಅಂತ ಕೇರಳ ಸುಪ್ರೀಂ ಕೋರ್ಟಿಗೆ ಹೋದದ್ದು ಆ ಹೊತ್ತಿಗೇ. ಆ ದೂರಿನಲ್ಲಿ ಹುರುಳಿದೆ. ಕೇಂದ್ರ ರಾಜ್ಯಗಳಿಗೆ ತೆರಿಗೆ ಹಂಚುವಾಗ ಕೇರಳದ ಪಾಲು 10ನೇ ಹಣಕಾಸು ಆಯೋಗದಲ್ಲಿ ಶೇ. 3.875 ಇದ್ದದ್ದು 15ನೆಯದರಲ್ಲಿ ಶೇ. 1.925ಕ್ಕೆ ಇಳಿಯಿತು. ಕರ್ನಾಟಕದ್ದೂ 14ರಿಂದ 15ಕ್ಕೆ ಬರುವಾಗ ಶೇ. 4.713ರಿಂದ 3.647ಕ್ಕೆ ಬಂತು. ಇಷ್ಟಾದರೂ ಖಜಾನೆ ಖಾಲಿಯಾದಾಗ ಯಾರಿಗೆ ಮೊದಲು ಕೊಡಬೇಕು ಅನ್ನುವುದು ತಿರುವನಂತಪುರದ ಕೈಯಲ್ಲೇ ಇತ್ತು. ಚಿಕ್ಕಮ್ಮನಂಥವರನ್ನು ಕಾಯಿಸಿದ್ದು ತಪ್ಪು. ನಾನು ಎಡಕ್ಕೆ ಓಟು ಹಾಕುವವನು, ಆದರೂ ಇದನ್ನು ಹೇಳಲೇಬೇಕು.

2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ಅದನ್ನು ಬಿಟ್ಟಿ ಅಂತ ಯಾರೂ ಕರೆಯಲಿಲ್ಲ, ಕಂಪನಿಯವರು ಸೋಮಾರಿಗಳಾಗುತ್ತಾರೆ ಅಂತಲೂ ಹೇಳಲಿಲ್ಲ. ಚಿಕ್ಕಮ್ಮ ಸೋಪು ತಂದರೂ ತೆರಿಗೆ ಕೊಡುತ್ತಾರೆ ಅನ್ನುವುದು ಮರೆತೇ ಹೋಗುತ್ತದೆ.

ಕೇರಳದಲ್ಲಿ ಎಲ್ಲ ಚೆನ್ನಾಗಿದೆ ಅಂತ ದಯವಿಟ್ಟು ತಿಳಿಯಬೇಡಿ. ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿದ್ದದ್ದು ನಮ್ಮ ಪಂಚಾಯತಿನ ಮೇಲೆ. ಸರಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಶನ್ ಗೇರು ತೋಟಕ್ಕೆ ಎರಡು ದಶಕ ಹೆಲಿಕಾಪ್ಟರಿನಲ್ಲಿ ವಿಷ ಸಿಂಪಡಿಸಿತು, 2000ದವರೆಗೆ. ಸ್ವರ್ಗ ಅನ್ನುವ ಹೆಸರಿನ ಊರು ನಮ್ಮಲ್ಲಿದೆ. ಅಲ್ಲಿ, ಪಡ್ರೆಯಲ್ಲಿ ತಲೆ ಎತ್ತಲಾಗದ, ನಡೆಯಲಾಗದ ಮಕ್ಕಳು ಹುಟ್ಟಿದರು. ಡಾ. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಅಂಥವರು ಹೇಳುತ್ತಾ ಹೋಗದಿದ್ದರೆ ಹೊರಗೆ ಗೊತ್ತೇ ಆಗುತ್ತಿರಲಿಲ್ಲ. ಒಬ್ಬೊಬ್ಬರಿಗೆ 5 ಲಕ್ಷ ಮೂರು ತಿಂಗಳೊಳಗೆ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ಮೇ ತಿಂಗಳಲ್ಲಿ ನೋಡಿದರೆ 3,704 ಮಂದಿಯಲ್ಲಿ ಸಿಕ್ಕಿದ್ದು 8 ಜನರಿಗೆ. ಕೋರ್ಟ್ ಬೈದ ಮೇಲೆ ಉಳಿದವರಿಗೆ ಹಣ ಬಂತು. ಅಷ್ಟರಲ್ಲಿ ಕೆಲವು ತಾಯಂದಿರ ಮಡಿಲು ಖಾಲಿಯಾಗಿತ್ತು.

ಆಸ್ಪತ್ರೆಗೆ ನಾವೆಲ್ಲ ಇವತ್ತಿಗೂ ಮಂಗಳೂರನ್ನೇ ನಂಬಿದವರು. ಈಚೆ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. ಅಲ್ಲಿ ರೋಗಿಗಳಿಗೆ ಬಾಗಿಲು ತೆರೆದದ್ದು 2020ರ ಏಪ್ರಿಲ್‌ನಲ್ಲಿ, ಕೊರೊನಾ ಬಂದ ಮೇಲೆ. ಅದಕ್ಕೆ ಸ್ವಲ್ಪ ಮೊದಲು ಕರ್ನಾಟಕ ಗಡಿ ಮುಚ್ಚಿತು. ರಸ್ತೆಗೆ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸ್ ತಿರುಗಿಸಿ ಕಳಿಸಿದರು, ಹಲವರು ಚಿಕಿತ್ಸೆ ಸಿಗದೆ ಸತ್ತರು. ನಮ್ಮವರೇ ಅಂತ ನಾವು ತಿಳಿದಿದ್ದ ಕನ್ನಡದ ಸರಕಾರ ಅದು. ನನಗೆ ಆ ಮಣ್ಣಿನ ರಾಶಿ ಮರೆಯುವುದಿಲ್ಲ.

ಅಲ್ಲಿಂದ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಹೌದು, ಕಷ್ಟ ಉಂಟು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕುತ್ತಾರೆ. ಮಕ್ಕಳೂ ತಂದೆತಾಯಂದಿರೂ ಗೇಟಿನ ಎದುರು ಕೂರಬೇಕಾಗುತ್ತದೆ. ಅರ್ಜಿ ಫಾರಂ ಮಲಯಾಳದಲ್ಲಿರುತ್ತದೆ. ಚಿಕ್ಕಮ್ಮನ ಪಿಂಚಣಿ ಅರ್ಜಿ ಒಮ್ಮೆ ವಾಪಸ್ ಬಂದದ್ದು ಒಂದು ಕಾಲಂ ತಪ್ಪು ತುಂಬಿದ್ದಕ್ಕೆ. ಏನು ಕೇಳಿದ್ದಾರೆ ಅಂತ ನಮಗೆ ಓದಲು ಬರಲಿಲ್ಲ. ಭಾಷೆಯ ಜಗಳ ಅಭಿಮಾನದ್ದು ಅಂತ ಬೆಂಗಳೂರಿನಲ್ಲಿ ಅಂದುಕೊಳ್ಳುತ್ತಾರೆ. ಇಲ್ಲಿ ಅದು ಪಿಂಚಣಿಯದ್ದು. ದುಡ್ಡಿದ್ದವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ, ಫಾರಂ ತುಂಬಲು ವಕೀಲರನ್ನು ಹಿಡಿಯುತ್ತಾರೆ. ಉಳಿದವರ ಹಕ್ಕು ಅರ್ಥವಾಗದ ಕಾಗದದಲ್ಲಿ ಕಳೆದುಹೋಗುತ್ತದೆ. ಬಡವರ ಪರ ಅನ್ನುವ ಸರಕಾರಕ್ಕೆ ಇದು ಮೊದಲು ಅರ್ಥವಾಗಬೇಕಿತ್ತು.

ಈಗ ನಮ್ಮ ಹೆಂಗಸರ ಚಿಂತೆ ಉದ್ಯೋಗ ಖಾತರಿಯದ್ದು. ಇಲ್ಲಿ ಎಲ್ಲರೂ ಅದನ್ನು ತೊಳಿಲುರಪ್ಪು ಅಂತಲೇ ಹೇಳುವುದು. ಕೇರಳದಲ್ಲಿ ಆ ಕೆಲಸಕ್ಕೆ ಹೋಗುವ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. 2025–26ರಲ್ಲಿ ದಿನದ ಕೂಲಿ ಈಚೆ 369, ಆಚೆ 370. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೆ ಕಾನೂನು ತೆಗೆದು ಹೊಸದು ತಂದಿತು. 125 ದಿನ ಅಂತ ಬರೆದಿದ್ದಾರೆ, ಆದರೆ ಖರ್ಚಿನ ಶೇ. 40 ರಾಜ್ಯ ಹಾಕಬೇಕು. ಮೊದಲು ಕೂಲಿಯ ದುಡ್ಡು ಪೂರ್ತಿ ಕೇಂದ್ರದ್ದು. ಪಿಂಚಣಿಗೇ ದುಡ್ಡಿಲ್ಲದೆ ಕಾಯಿಸಿದ ಖಜಾನೆ ಇದನ್ನು ಎಲ್ಲಿಂದ ತರುತ್ತದೆ ಅಂತ ಚಿಕ್ಕಮ್ಮ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮ ಸೋಮಾರಿತನದ ಪ್ರಶ್ನೆಯನ್ನು ಅಮ್ಮನಿಗೂ ಹೇಳಿದೆ. ಸಾವಿರ ರೂಪಾಯಿ ಸಾಲುವುದಿಲ್ಲ ಅಂತ ಅವರು ಈಗಲೂ ದಿನಕ್ಕೆ ಒಂದಿಷ್ಟು ಬೀಡಿ ಕಟ್ಟುತ್ತಾರೆ. ತಡ್ಪೆಯಿಂದ ತಲೆ ಎತ್ತದೆ, ಒಮ್ಮೆ ಬರಲು ಹೇಳು ಅಂದರು. ಬನ್ನಿ. ವಿಟ್ಲದಲ್ಲಿ ಇಳಿದರೆ ಅಕ್ಕನೂ ನಿಮ್ಮೊಟ್ಟಿಗೆ ಹೊರಡುತ್ತಾಳೆ.